ಮಗುವನ್ನು ಕೇಳದೆ ಬಿಟ್ಟ ಪ್ರಶ್ನೆ



ಈ ಆರೋಗ್ಯ ವಿಭಾಗದಲ್ಲಿ ನಾವು ಋತುಚರ್ಯೆ, ಪಥ್ಯಾಪಥ್ಯ, ಮಧುಮೇಹ, ಸಂಧಿವಾತ ಮುಂತಾದ ವಿಷಯಗಳನ್ನು ಬರೆಯುತ್ತ ಬಂದಿದ್ದೇವೆ. ಈ ಸಂಚಿಕೆಯಲ್ಲಿ ಎತ್ತಿಕೊಂಡಿರುವ ವಿಷಯ ಶ್ರೀಮಠದ ಪತ್ರಿಕೆಗೆ ಒಪ್ಪುವಂಥದ್ದಲ್ಲವೆಂದು ಕೆಲವರಿಗೆ ಅನಿಸಬಹುದು. ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯವೇ ಆ ವಿಷಯ. ಬರೆಯಬೇಕೆ, ಬೇಡವೆ ಎಂದು ನಾವೂ ಬಹುಕಾಲ ಹಿಂದೆಮುಂದೆ ನೋಡಿದೆವು. ಕಡೆಗೆ ಬರೆಯಲು ಕಾರಣವಾದದ್ದು ನಮ್ಮದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಲೇಸು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಗುಂಡಗುರ್ತಿಯ ನಮ್ಮ ಚಿಕಿತ್ಸಾಲಯಕ್ಕೆ ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗಳನ್ನು ಕರೆತಂದಳು. ಗುರುತು ಹತ್ತದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇವೆ. ಹೊಟ್ಟೆನೋವು, ಊಟ ಸೇರದು, ಮೂತ್ರ ಮಾಡುವಾಗ ಉರಿ, ಎಂದೋ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ ಎಂಬುದು ತಾಯಿಯ ದೂರು. ನಾವು ನಾಲಿಗೆ ನೋಡಿದೆವು, ನಾಡಿ ಹಿಡಿದೆವು, ಹೊಟ್ಟೆ ಒತ್ತಿ ನೋಡಿದೆವು. ಜಂತಿನ ಬಾಧೆಯೆಂದು ವಿಡಂಗದ ಚೂರ್ಣ ಕೊಟ್ಟೆವು. ಉರಿಮೂತ್ರಕ್ಕೆ ಬೇರೆ ಔಷಧ ಕೊಟ್ಟೆವು. ಆರು ತಿಂಗಳಲ್ಲಿ ನಾಲ್ಕು ಸಲ ಆ ಮಗು ಬಂತು. ನಾಲ್ಕು ಸಲವೂ ತಾಯಿಯೇ ಮಾತಾಡಿದಳು. ನಾವೂ ತಾಯಿಯನ್ನೇ ಕೇಳಿದೆವು. ಮಗು ತಾಯಿಯ ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿ ನಿಂತಿತ್ತು. ಆಮೇಲೆ ಅವರು ಬರುವುದು ನಿಂತಿತು. ಗುಣವಾಗಿರಬೇಕೆಂದು ನಾವು ತಿಳಿದೆವು.

ಕೆಲವು ವರ್ಷಗಳ ಹಿಂದೆ ಆಕೆ ತನ್ನ ಮಗಳನ್ನು ಎತ್ತಿಕೊಂಡು ಬಂದಳು. ಕೂಸಿಗೆ ಬರೀ ಕೆಮ್ಮು. ಔಷಧ ಬರೆದುಕೊಟ್ಟ ಮೇಲೂ ಏಳದೆ ಕುಳಿತಳು. ಅಂದು ತನಗಿದ್ದದ್ದು ಜಂತಿನ ಬಾಧೆಯಲ್ಲವೆಂದು ಹೇಳಿದಳು. ತೊಗರಿ ರಾಶಿಯ ದಿನಗಳಲ್ಲಿ ತಂದೆತಾಯಿ ಹೊಲಕ್ಕೆ ಹೋದಾಗ ಮನೆಯಲ್ಲಿ ಉಳಿಯುತ್ತಿದ್ದ ಹತ್ತಿರದ ಬಂಧುವೊಬ್ಬನಿಂದ ಆರಂಭವಾದದ್ದು ವರ್ಷಕ್ಕೂ ಮಿಕ್ಕಿ ನಡೆದಿತ್ತು. ಆತ ಈಗ ಬದುಕಿಲ್ಲ. ನಮ್ಮ ಮೇಲೆ ಆಕೆ ಸಿಟ್ಟು ಮಾಡಲಿಲ್ಲ. “ಆವಾಗ ನೀವು ಒಂದ್ ಮಾತ ಕೇಳಿದ್ರ ನಾ ಹೇಳ್ತಿದ್ದೆರಿ, ಸಾಹೇಬ್ರ” ಎಂದಷ್ಟೇ ಅಂದಳು. ಸ್ವಲ್ಪ ಹೊತ್ತಾದ ಮೇಲೆ ತೊಡೆಯ ಮೇಲಿನ ಕೂಸನ್ನು ನೋಡುತ್ತ, “ಈಕಿನ್ನ ನಾ ಹ್ಯಾಂಗ ಕಾಯಲ್ರಿ?” ಎಂದು ಕೇಳಿದಳು.

ಆ ಎರಡು ಮಾತುಗಳಿಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಓದಿ, ತಿಳಿದವರನ್ನು ಕೇಳಿ, ಕಲಿತುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೂರನೆಯ ಪರೀಕ್ಷೆ

ರೋಗಿಯನ್ನು ಅರಿಯಲು ಆಯುರ್ವೇದವು ಮೂರು ಪರೀಕ್ಷೆಗಳನ್ನು ಹೇಳಿದೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು. ಆ ಬಾಲಕಿಯ ವಿಷಯದಲ್ಲಿ ನಾವು ಮೊದಲೆರಡನ್ನು ಮಾಡಿ ಮೂರನೆಯದನ್ನು ಬೇರೆಯವರಿಗೆ ಮಾಡಿದೆವು. ಅಷ್ಟಾಂಗಗಳಲ್ಲಿ ಮಕ್ಕಳ ಚಿಕಿತ್ಸೆಗೇ ಕೌಮಾರಭೃತ್ಯವೆಂಬ ಪ್ರತ್ಯೇಕ ಅಂಗವಿದೆ. ಅದರ ಮೂಲಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಅಧ್ಯಾಯವೇ ಇದೆ. ಬಾಯಿಬಾರದ ಕೂಸಿನ ನೋವು ಎಲ್ಲಿದೆಯೆಂದು ಅದರ ನಡೆಯಿಂದ ತಿಳಿಯುವ ಬಗೆಯನ್ನು ಅಲ್ಲಿ ವಿವರಿಸಲಾಗಿದೆ; ಕಿವಿನೋವಿರುವ ಕೂಸು ಕಿವಿಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತದೆ ಎಂಬಂಥ ಸೂಕ್ಷ್ಮಗಳು ಅಲ್ಲಿವೆ. ಮಗು ಅತ್ತರೂ ಉಣ್ಣದಿದ್ದರೂ ಅದನ್ನು ಹೆದರಿಸಬಾರದೆಂದು ಚರಕ ಸಂಹಿತೆ ಹೇಳುತ್ತದೆ. ಮಗುವಿನ ನಡತೆಯೇ ಅದರ ಮಾತು ಎಂಬ ತಿಳಿವಳಿಕೆ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಆದರೂ ನಾವು ಬಿ.ಎ.ಎಂ.ಎಸ್. ಓದುವಾಗ ಮಗುವಿನ ದೇಹದ ಮೇಲೆ ಮನುಷ್ಯನೇ ಮಾಡುವ ಈ ಕೇಡಿನ ಬಗ್ಗೆ ಯಾವ ಗುರುವೂ ಒಂದು ಮಾತು ಆಡಿದ ನೆನಪು ನಮಗಿಲ್ಲ.

ಪಾಶ್ಚಾತ್ಯ ವೈದ್ಯವೂ ಇದನ್ನು ಬಹಳ ತಡವಾಗಿ ಕಂಡಿತು. ಮಕ್ಕಳು ಮನೆಯವರಿಂದಲೇ ಹೊಡೆತ ತಿಂದು ಮೂಳೆ ಮುರಿದುಕೊಂಡು ಬರುತ್ತಾರೆಂಬುದನ್ನು ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ 1962ರಲ್ಲಿ ಬರೆದಾಗಲೇ ಅನೇಕರು ನಂಬಲಿಲ್ಲ. ಅದೇ ವೈದ್ಯರು 1978ರಲ್ಲಿ, ಲೈಂಗಿಕ ದೌರ್ಜನ್ಯವು ಮಕ್ಕಳ ವೈದ್ಯರ ಕಣ್ಣಿಗೆ ಬೀಳದೆ ಅಡಗಿರುವ ಇನ್ನೊಂದು ವ್ಯಾಧಿಯೆಂದು ಬರೆದರು. ಸ್ಯಾನ್ ಡಿಯಾಗೋ ನಗರದಲ್ಲಿ ಸ್ಥೂಲಕಾಯದ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರದು ಇನ್ನೂ ಬೋಧಪ್ರದವಾದ ಅನುಭವ. ಚಿಕಿತ್ಸೆಯಿಂದ ಚೆನ್ನಾಗಿ ತೂಕ ಇಳಿದವರೇ ನಡುವೆ ಬಿಟ್ಟುಹೋಗುತ್ತಿದ್ದದ್ದು ಅವರಿಗೆ ಅರ್ಥವಾಗಿರಲಿಲ್ಲ. 1985ರ ಸುಮಾರಿನಲ್ಲಿ ಒಬ್ಬ ಮಹಿಳೆಯನ್ನು ವಿಚಾರಿಸುವಾಗ, ಮೊದಲ ದೈಹಿಕ ಸಂಬಂಧದ ವೇಳೆಗೆ ವಯಸ್ಸೆಷ್ಟಿತ್ತು ಎಂದು ಕೇಳುವ ಬದಲು ಬಾಯಿತಪ್ಪಿ ತೂಕ ಎಷ್ಟಿತ್ತು ಎಂದು ಕೇಳಿಬಿಟ್ಟರು. ನಲವತ್ತು ಪೌಂಡು, ಅಂದರೆ ಸುಮಾರು 18 ಕಿಲೋ, ಎಂದು ಆಕೆ ಅಳುತ್ತ ಉತ್ತರಿಸಿದರು. ದೌರ್ಜನ್ಯ ಎಸಗಿದವನು ಆಕೆಯ ತಂದೆ. ಅಲ್ಲಿಂದ ಮುಂದೆ ಫೆಲಿಟ್ಟಿ ಎಲ್ಲ ರೋಗಿಗಳನ್ನೂ ಕೇಳತೊಡಗಿದರು. ರಾಬರ್ಟ್ ಆಂಡಾ ಅವರೊಡನೆ ಸೇರಿ 17 ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಒಳಗೊಂಡ ಅಧ್ಯಯನ ನಡೆಸಿದರು. 1998ರಲ್ಲಿ ಅದರ ಮೊದಲ ವರದಿ ಬಂತು. ಬಾಲ್ಯದಲ್ಲಿ ದೌರ್ಜನ್ಯ ಉಂಡವರಲ್ಲಿ ಖಿನ್ನತೆ, ಮದ್ಯಪಾನ, ಆತ್ಮಹತ್ಯೆಯ ಪ್ರಯತ್ನ ಮಾತ್ರವಲ್ಲ, ಹೃದ್ರೋಗದಂಥ ದೇಹದ ರೋಗಗಳೂ ಹೆಚ್ಚೆಂದು ಅದು ತೋರಿಸಿತು. ನಮ್ಮಲ್ಲಿಗೆ ವರ್ಷಗಟ್ಟಲೆ ತಲೆನೋವು, ಕಿಬ್ಬೊಟ್ಟೆಯ ನೋವು, ನಿದ್ದೆಯಿಲ್ಲವೆಂದು ಬರುವ ತಾಯಂದಿರಲ್ಲಿ ಎಷ್ಟು ಮಂದಿಗೆ ಬೇರು ಬಾಲ್ಯದಲ್ಲಿದೆಯೋ! ವಾತಪ್ರಕೋಪವೆಂದು ಬರೆದುಕೊಂಡು ನಾವು ಕಷಾಯ ಕೊಟ್ಟು ಕಳಿಸಿದ್ದೇವೆ.

ದೇಹ ಹೇಳುವುದೇನು, ಹೇಳದಿರುವುದೇನು

ಮಗು ಬಾಯಿಬಿಟ್ಟು ಹೇಳುವುದು ಅಪರೂಪ. ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲಿ ಇದರ ಕ್ರಮವನ್ನು ವಿವರಿಸಿದರು. ಮೊದಲು ಗುಟ್ಟು, ಅನಂತರ ಅಸಹಾಯಕತೆ, ಸಿಕ್ಕಿಬಿದ್ದು ಹೊಂದಿಕೊಳ್ಳುವುದು, ತಡವಾಗಿ ಅರೆಬರೆಯಾಗಿ ಹೇಳುವುದು, ಕಡೆಗೆ ಮನೆಯಲ್ಲಿ ಎದ್ದ ಗದ್ದಲಕ್ಕೆ ಹೆದರಿ ಹೇಳಿದ್ದನ್ನು ಹಿಂದೆಗೆದುಕೊಳ್ಳುವುದು. ಆದುದರಿಂದ ತಡವಾಗಿ ಹೇಳಿದ್ದು ಸುಳ್ಳೆಂದಾಗಲಿ, ಮಾತು ಬದಲಿಸಿದ್ದರಿಂದ ಏನೂ ನಡೆದಿಲ್ಲವೆಂದಾಗಲಿ ಹಿರಿಯರು ತೀರ್ಮಾನಿಸಬಾರದು.

ಹೇಳದಿದ್ದರೂ ನಡತೆ ಬದಲಾಗುತ್ತದೆ. ಬಿಟ್ಟ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಕಾರಣವಿಲ್ಲದ ಹೊಟ್ಟೆನೋವು, ಗುಪ್ತಾಂಗದಲ್ಲಿ ನೋವು, ಉರಿ, ಸ್ರಾವ, ನಿದ್ದೆಯಲ್ಲಿ ಬೆಚ್ಚುವುದು, ಶಾಲೆಗೆ ಹೋಗಲೊಲ್ಲೆನೆನ್ನುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಳಿ ಹೋಗಲು ಅಂಜುವುದು, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ, ಕೈಗೆ ಎಲ್ಲಿಂದಲೋ ಬಂದ ಹಣ ಅಥವಾ ಮೊಬೈಲು. ಇವುಗಳಲ್ಲಿ ಒಂದಿದ್ದರೆ ದೌರ್ಜನ್ಯವೇ ನಡೆದಿದೆಯೆಂದು ಹೇಳಲಾಗದು. ಜಂತಿನ ಬಾಧೆಯೂ ನಮ್ಮ ಹಳ್ಳಿಗಳಲ್ಲಿ ಉಂಟು, ಮೂತ್ರದ ಸೋಂಕೂ ಉಂಟು. ಆದರೆ ಔಷಧಕ್ಕೆ ಬಗ್ಗದೆ ಲಕ್ಷಣಗಳು ಮರುಕಳಿಸಿದರೆ ವೈದ್ಯನು ಕೇಳಲೇಬೇಕು.

ಕೇಳುವುದಕ್ಕೂ ಒಂದು ವಿಧಿಯಿದೆ. ಮಗುವನ್ನು ನೆಮ್ಮದಿಯಾಗಿ ಕೂಡಿಸಿ, ಸಾಧ್ಯವಾದರೆ ಜೊತೆಗೆ ಬಂದವರನ್ನು ಸ್ವಲ್ಪ ದೂರವಿರಿಸಿ, ಆದರೆ ನರ್ಸ್ ಅಥವಾ ಮಹಿಳಾ ಸಹಾಯಕಿ ಕಣ್ಣಿಗೆ ಕಾಣುವಂತಿದ್ದು, “ನಿನಗ ಯಾರಾದ್ರೂ ಬ್ಯಾಸರ ಮಾಡ್ಯಾರೇನವ್ವ? ಏನಾತು ಹೇಳು” ಎಂಬಂತೆ ತೆರೆದ ಪ್ರಶ್ನೆ ಕೇಳಬೇಕು. ಇಂಥವನೇ ಮಾಡಿದನೇ ಎಂದು ಉತ್ತರವನ್ನು ಬಾಯಿಗೆ ತುರುಕಬಾರದು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳಲು ನಮಗೆ ಅಧಿಕಾರವಿಲ್ಲ. ಮತ್ತೆ ಮತ್ತೆ ಹೇಳಿಸಲೂ ಬಾರದು. ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಎಂಬ ಎರಡು ಮಾತು ಆ ಹೊತ್ತಿಗೆ ಯಾವ ಔಷಧಕ್ಕಿಂತಲೂ ಮಿಗಿಲು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತೊಲಗಿಸಬೇಕು. ಪರೀಕ್ಷೆಯಲ್ಲಿ ಗಾಯ ಕಾಣದಿದ್ದರೆ ಏನೂ ನಡೆದಿಲ್ಲವೆಂದು ಊರು ತೀರ್ಪು ಕೊಟ್ಟುಬಿಡುತ್ತದೆ. ನ್ಯಾಯಾಲಯದಲ್ಲಿ ದೌರ್ಜನ್ಯ ಸಾಬೀತಾದ 236 ಮಕ್ಕಳ ಪರೀಕ್ಷಾ ವರದಿಗಳನ್ನು ಅಮೆರಿಕದ ಜಾಯ್ಸ್ ಆಡಮ್ಸ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪರಿಶೀಲಿಸಿದಾಗ, ಸ್ಪಷ್ಟವಾದ ಅಸಹಜ ಗುರುತು ಕಂಡದ್ದು ಕೆಲವೇ ಮಕ್ಕಳಲ್ಲಿ. ಮಗುವಿನ ಅಂಗಾಂಶ ಬೇಗ ಮಾಯುತ್ತದೆ. ಅನೇಕ ಕೃತ್ಯಗಳು ಗುರುತನ್ನೇ ಬಿಡುವುದಿಲ್ಲ. ಕನ್ಯತ್ವ ಪರೀಕ್ಷೆಯ ಹೆಸರಿನ ಎರಡು ಬೆರಳಿನ ಪರೀಕ್ಷೆ ಅವೈಜ್ಞಾನಿಕವೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಕೈಬಿಟ್ಟಿತು. 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಮಾಡಬಾರದೆಂದು ಕಟ್ಟಪ್ಪಣೆ ಮಾಡಿತು.

ನಮ್ಮನ್ನು ಯಾರೂ ಎಣಿಸಿಲ್ಲ

ಈ ಕೇಡು ನಮ್ಮಲ್ಲಿ ಎಷ್ಟಿದೆ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಅಶ್ಲೀಲ ಚಿತ್ರ ತೋರಿಸುವುದು, ಬಲವಂತದ ಮುತ್ತು ಮೊದಲ್ಗೊಂಡು ಅತಿ ಘೋರ ಕೃತ್ಯದವರೆಗೆ ಯಾವುದಾದರೂ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಶೇಕಡಾ 53.22 ಮಕ್ಕಳು. ಅವರಲ್ಲಿ ಗಂಡುಮಕ್ಕಳು ಅರ್ಧಕ್ಕಿಂತ ತುಸು ಹೆಚ್ಚೇ ಇದ್ದರು. ಗಂಡು ಹುಡುಗನಿಗೆ ಏನಾದೀತು ಎಂಬ ನಮ್ಮ ಉದಾಸೀನಕ್ಕೆ ಇದು ಉತ್ತರ. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದನ್ನು ಕಾಯಬೇಕಾದ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಆ 13 ರಾಜ್ಯಗಳಲ್ಲಿ ನಮ್ಮ ಸೇಡಂ, ಚಿಂಚೋಳಿಗಳ ಗಡಿಯಾಚೆಯ ಅಂದಿನ ಆಂಧ್ರಪ್ರದೇಶವಿತ್ತು, ಮಹಾರಾಷ್ಟ್ರವಿತ್ತು, ಕರ್ನಾಟಕವಿರಲಿಲ್ಲ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸಂವಾದ ಸಂಸ್ಥೆ 1996ರಲ್ಲಿ 348 ವಿದ್ಯಾರ್ಥಿನಿಯರನ್ನು ಕೇಳಿ ತಿಳಿದ ಒಂದು ಸಣ್ಣ ಅಧ್ಯಯನವುಂಟು. ಹತ್ತು ವರ್ಷ ತುಂಬುವ ಮೊದಲೇ, ಹೆಚ್ಚಾಗಿ ಬಂಧುಗಳಿಂದಲೇ, ದೌರ್ಜನ್ಯ ಉಂಡವರು ಅವರಲ್ಲಿದ್ದರು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಮಕ್ಕಳ ವಿಷಯಕ್ಕೆ ಬಂದರೆ, ಪೊಲೀಸ್ ಠಾಣೆಗೆ ಬಂದ ಪ್ರಕರಣಗಳ ಲೆಕ್ಕವನ್ನೇ ನಾವು ನೋಡುತ್ತೇವೆ. ಠಾಣೆಗೆ ಬಂದದ್ದು ಬಾವಿಯ ಮೇಲಣ ನೀರು ಮಾತ್ರ.

ನಮ್ಮ ಪ್ರದೇಶದ ಬದುಕು ಬೆಂಗಳೂರಿನದಲ್ಲ. ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಸುತ್ತ ದುಡಿಯುವ ತಂದೆತಾಯಿ ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರು ಮಕ್ಕಳನ್ನು ಮುತ್ಯಾ, ಆಯಿಯ ಬಳಿಯೋ, ಕಾಕಾನ ಮನೆಯಲ್ಲೋ, ವಸತಿ ನಿಲಯದಲ್ಲೋ ಬಿಡುತ್ತಾರೆ, ಇಲ್ಲವೆ ಕೆಲಸದ ಜಾಗದ ಗುಡಿಸಲಿಗೇ ಕರೆದೊಯ್ಯುತ್ತಾರೆ. ಯಾವ ಮಗುವಿಗೆ ಎಲ್ಲಿ, ಯಾವ ಹೊತ್ತಿನಲ್ಲಿ ಹೆಚ್ಚು ಅಪಾಯ? ಯಾರಿಗೆ ಅದು ಮೊದಲು ಹೇಳುತ್ತದೆ? ಹೇಳಿದ ಮೇಲೆ ಅದಕ್ಕೆ ಏನಾಯಿತು? ಇವುಗಳಿಗೆ ಉತ್ತರವಿಲ್ಲದೆ ರೂಪಿಸಿದ ಯೋಜನೆ, ನಿದಾನವಿಲ್ಲದೆ ಕೊಟ್ಟ ಔಷಧದಂತೆ.

ಆದುದರಿಂದ ನಮ್ಮ ಮೊದಲ ಬೇಡಿಕೆ ಸಂಶೋಧನೆ. ಕಲಬುರಗಿಯ ವೈದ್ಯಕೀಯ ಕಾಲೇಜುಗಳು, ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳು, ನಮ್ಮ ಆಯುರ್ವೇದ ಕಾಲೇಜುಗಳ ಕೌಮಾರಭೃತ್ಯ ವಿಭಾಗಗಳು ಒಟ್ಟಾಗಿ ಈ ಏಳು ಜಿಲ್ಲೆಗಳಲ್ಲಿ ಅಧ್ಯಯನ ಕೈಗೊಳ್ಳಬೇಕು. ಕನ್ನಡದಲ್ಲಷ್ಟೇ ಅಲ್ಲ, ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳನ್ನು ಅವರವರ ಮನೆಮಾತಿನಲ್ಲೇ ಕೇಳಬೇಕು. ಇಲ್ಲೊಂದು ಸೂಕ್ಷ್ಮವಿದೆ. ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂಬ ಕಾನೂನು ಸಂಶೋಧಕರಿಗೂ ಅನ್ವಯಿಸುತ್ತದೆ. ಹಾಗಾಗಿ ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದರೆ ಮಗುವಿಗೆ ಆಸರೆ ಯಾರೆಂದು ಏರ್ಪಾಡಾಗಿರಬೇಕು. ಕೇಳಿ, ಬರೆದುಕೊಂಡು, ಎದ್ದುಹೋಗುವ ಸಂಶೋಧನೆ ಮಗುವಿಗೆ ಎರಡನೆಯ ಗಾಯ.

ತಡೆಗಟ್ಟುವ ಪಾಠಗಳನ್ನೂ ಒರೆಗೆ ಹಚ್ಚಬೇಕು. ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶವೆಂದು ಶಾಲೆಗಳಲ್ಲಿ ಕಲಿಸುವುದು ಒಳ್ಳೆಯದೇ. ಇಂಥ ಶಾಲಾ ಪಾಠಗಳ ಬಗ್ಗೆ ಹಲವು ದೇಶಗಳಲ್ಲಿ ನಡೆದ 24 ಪ್ರಯೋಗಗಳನ್ನು, 5,802 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ, ಬಾಯಿಬಿಟ್ಟು ಹೇಳುವ ಸಂಭವವೂ ಹೆಚ್ಚಬಹುದು. ದೌರ್ಜನ್ಯವೇ ಕಡಿಮೆಯಾಗುತ್ತದೆಯೆ ಎಂಬುದಕ್ಕೆ ಮಾತ್ರ ಅಲ್ಲಿ ಸಾಕ್ಷ್ಯವಿಲ್ಲ. ಆರು ವರ್ಷದ ಕೂಸಿಗೆ ಬೇಡವೆನ್ನಲು ಕಲಿಸಿ, ನಲವತ್ತು ವರ್ಷದ ಹಿರಿಯನ ಹೊಣೆಯನ್ನು ಅದರ ಹೆಗಲಿಗೆ ಹಾಕಿ ನಾವು ನಿಶ್ಚಿಂತರಾಗುವಂತಿಲ್ಲ.

ಚಿಕಿತ್ಸೆಯ ಕೊರತೆ

ಎರಡನೆಯ ಬೇಡಿಕೆ ಚಿಕಿತ್ಸೆಯದು. ಘಟನೆ ನಡೆದ ಮೊದಲ ಮೂರು ದಿನಗಳು ಬಹುಮುಖ್ಯ. ಎಚ್.ಐ.ವಿ. ತಗಲದಂತೆ ಕೊಡುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಋತುಮತಿಯಾದ ಬಾಲಕಿಗೆ ಗರ್ಭ ನಿಲ್ಲದಂತೆ ಕೊಡುವ ಔಷಧವೂ ಬೇಗ ಸಿಕ್ಕಷ್ಟು ಫಲ ಹೆಚ್ಚು. ಸಾಕ್ಷ್ಯದ ಮಾದರಿಗಳನ್ನು 96 ಗಂಟೆಗಳವರೆಗೆ ಸಂಗ್ರಹಿಸಬಹುದು. ಆದುದರಿಂದ ಮಗುವಿಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ, ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಮಡಿಯ ಹೆಸರಿನಲ್ಲಿ ಮೊದಲು ತಲೆಯ ಮೇಲೆ ನೀರು ಹಾಕುವ ನಮ್ಮ ರೂಢಿ ಇಲ್ಲಿ ಕೇಡು ಮಾಡುತ್ತದೆ.

ಬಾಲಕಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ತಂದೆತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಪೊಲೀಸ್ ದೂರು ದಾಖಲಾಗದಿದ್ದರೂ ಪರೀಕ್ಷೆ ನಡೆಯಬಹುದು. ತುರ್ತು ಚಿಕಿತ್ಸೆಗೆ ಯಾವ ಕಾಗದಪತ್ರವನ್ನೂ ಮೊದಲು ಕೇಳುವಂತಿಲ್ಲ. ಇದು ಕಾನೂನು. ನಮ್ಮಂಥ ಆಯುರ್ವೇದ ವೈದ್ಯರ ಕೆಲಸ ಸಾಕ್ಷ್ಯ ಸಂಗ್ರಹಿಸುವುದಲ್ಲ. ಗುರುತಿಸುವುದು, ಧೈರ್ಯ ಹೇಳುವುದು, ತಿಳಿಸುವುದು, ತಡಮಾಡದೆ ಕಳಿಸುವುದು. ಹಳ್ಳಿಯಲ್ಲಿ ಮಗು ಮೊದಲು ಬರುವುದು ನಮ್ಮ ಬಳಿಗೇ. ಆದುದರಿಂದ ಆಯುಷ್ ವೈದ್ಯರಿಗೂ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೂ ಈ ತರಬೇತಿ ಕಡ್ಡಾಯವಾಗಬೇಕು.

ದೇಹದ ಗಾಯ ವಾರದಲ್ಲಿ ಮಾಯುತ್ತದೆ, ಮನಸ್ಸಿನದು ಮಾಯುವುದಿಲ್ಲ. ಆಘಾತಗೊಂಡ ಮಕ್ಕಳಿಗೆಂದೇ ರೂಪುಗೊಂಡ, ತಾಯಿತಂದೆಯನ್ನೂ ಒಳಗೊಳ್ಳುವ ಮಾತಿನ ಚಿಕಿತ್ಸೆಗಳು ಫಲಕಾರಿಯೆಂದು ಅನೇಕ ಅಧ್ಯಯನಗಳು ತೋರಿಸಿವೆ. ಬೆಂಗಳೂರಿನ ನಿಮ್ಹಾನ್ಸ್ ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿದೆ. ಉತ್ತರ ಕರ್ನಾಟಕಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ. ಆದರೆ ದಿನಗೂಲಿ ಬಿಟ್ಟು ಚಿಂಚೋಳಿಯ ತಾಂಡಾದ ತಾಯಿ ಹತ್ತು ಹನ್ನೆರಡು ವಾರ ಧಾರವಾಡಕ್ಕೆ ಓಡಾಡಬಲ್ಲಳೆ? ಮಗುವಿನ ಭಾಷೆ ಬಲ್ಲ, ತರಬೇತಿ ಪಡೆದ ಆಪ್ತಸಮಾಲೋಚಕಿ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು.

ಚರಕರು ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಮನಸ್ಸನ್ನು ಅಹಿತದಿಂದ ಹಿಂದಿರುಗಿಸುವ ಸತ್ವಾವಜಯವೂ ಒಂದು. ಅದರ ತಳಹದಿಯ ಮೇಲೆ ನಮ್ಮ ಕಾಲೇಜುಗಳು ಸಂಶೋಧನೆ ಮಾಡಲಿ. ಆದರೆ ಬ್ರಾಹ್ಮಿ, ಅಶ್ವಗಂಧಗಳನ್ನು ತಿನ್ನಿಸಿದರೆ ಈ ಗಾಯ ಮಾಯುತ್ತದೆಂದು ಹೇಳಲು ಇಂದು ನಮ್ಮಲ್ಲಿ ಆಧಾರವಿಲ್ಲ. ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ ಕೈತೊಳೆದುಕೊಳ್ಳುವುದಂತೂ ಮಗುವಿಗೆ ಮಾಡುವ ದ್ರೋಹ.

ಕೇಡು ಮಾಡುವವನನ್ನು ಅರಿಯುವುದು

ಮೂರನೆಯ ಬೇಡಿಕೆ ಓದುಗರಿಗೆ ಕಹಿಯಾಗಬಹುದು. ಕೇಡು ಮಾಡುವವರನ್ನು ಕುರಿತೂ ಸಂಶೋಧನೆ ಬೇಕು. ಮಕ್ಕಳ ಕಡೆಗೆ ಕಾಮದ ಸೆಳೆತವಿರುವುದು ವೈದ್ಯಶಾಸ್ತ್ರ ಗುರುತಿಸಿರುವ ಒಂದು ಮನೋವಿಕಾರ. ದೌರ್ಜನ್ಯ ಎಸಗುವವರೆಲ್ಲರಲ್ಲೂ ಅದು ಇರುವುದಿಲ್ಲ. ಅನೇಕರು ಅವಕಾಶ ಸಿಕ್ಕಿತೆಂದು, ಕೇಳುವವರಿಲ್ಲವೆಂದು, ತಮಗೆ ಅಧಿಕಾರವಿದೆಯೆಂದು ಕೇಡು ಮಾಡುತ್ತಾರೆ. ಕೆಲವರು ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡಿದ ಹದಿಹರೆಯದ ಹುಡುಗರೇ. ವಿಕಾರವಿದ್ದವರೆಲ್ಲರೂ ಕೃತ್ಯ ಎಸಗುವುದೂ ಇಲ್ಲ. ಒಂದೊಂದು ಬಗೆಗೂ ತಡೆಯುವ ಉಪಾಯ ಬೇರೆ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆ 2005ರಿಂದ, ತನ್ನ ಮನಸ್ಸಿಗೆ ತಾನೇ ಹೆದರಿ ನೆರವು ಕೇಳಿ ಬರುವವರಿಗೆ, ಮಗುವನ್ನು ಮುಟ್ಟುವ ಮುನ್ನವೇ ಚಿಕಿತ್ಸೆ ಕೊಡುವ ಪ್ರಯೋಗ ನಡೆಸುತ್ತಿದೆ. ಅದರ ಫಲ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ನಮ್ಮ ವಾಡಿ ಜಂಕ್ಷನ್ನಿನಿಂದ ಒಂದೇ ರೈಲಿನಲ್ಲಿ ತಲುಪಬಹುದಾದ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರವೂ ಈ ದಾರಿಯಲ್ಲಿ ಕೆಲಸ ಮಾಡಿದೆ. ಇದು ಕ್ಷಮೆಯ ಮಾತಲ್ಲ. ಮಗುವನ್ನು ಮುಟ್ಟಿದವನಿಗೆ ನ್ಯಾಯಾಲಯ. ಮುಟ್ಟುವ ಮುನ್ನ ನೆರವು ಬೇಡಿ ಬಂದವನಿಗೆ ಮನೋವೈದ್ಯ. ಶಿಕ್ಷೆಯು ಗಾಯವಾದ ಮೇಲೆ ಬರುತ್ತದೆ. ನಮಗೆ ಗಾಯವೇ ಆಗದಿರುವ ದಾರಿ ಬೇಕು.

ಮನೆತನದ ಮರ್ಯಾದೆ ಮತ್ತು ಮಗು

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಹದಿನೆಂಟು ತುಂಬದ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಅದು ಅನ್ವಯ. ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಸದುದ್ದೇಶದಿಂದ ತಿಳಿಸಿದವನ ಮೇಲೆ ಯಾವ ಕ್ರಮವೂ ಇಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಅಥವಾ ಅದು ಬಯಸಿದಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿ ಪಡೆಯಬೇಕು. ಮಗುವಿನ ಹೆಸರು ಎಲ್ಲಿಯೂ ಹೊರಬೀಳುವಂತಿಲ್ಲ.

ಇಷ್ಟಿದ್ದರೂ ನಮ್ಮ ಊರುಗಳಲ್ಲಿ ನಡೆಯುವುದೇನು? ಕಟ್ಟೆಯ ಮೇಲೆ ಹಿರಿಯರು ಕೂಡುತ್ತಾರೆ, ದಂಡ ಹಾಕುತ್ತಾರೆ, ಮಗುವನ್ನು ಬೇರೆ ಊರಿಗೆ ಕಳಿಸುತ್ತಾರೆ, ಇಲ್ಲವೆ ಹುಡುಗಿಯ ಮದುವೆ ಮಾಡಿಬಿಡುತ್ತಾರೆ. ಹದಿನೆಂಟು ತುಂಬದ ಪತ್ನಿಯೊಡನೆಯ ಸಂಬಂಧವೂ ಅಪರಾಧವೇ ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲೇ ತೀರ್ಪಿತ್ತಿದೆ. ಕರ್ನಾಟಕದ ಪೋಕ್ಸೋ ವಿಶೇಷ ನ್ಯಾಯಾಲಯಗಳನ್ನು ಅಧ್ಯಯನ ಮಾಡಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಕೇಂದ್ರ 2017ರಲ್ಲಿ ವರದಿ ಪ್ರಕಟಿಸಿತು. ಮನೆಯವರ ಒತ್ತಡಕ್ಕೆ ಸಿಕ್ಕಿ ಮಕ್ಕಳು ಸಾಕ್ಷಿ ತಿರುಗಿಸುವುದು ಅಲ್ಲಿ ಎದ್ದು ಕಾಣುವ ಸಂಗತಿ. ಕಾಯ್ದೆ ಸೋತದ್ದು ನ್ಯಾಯಾಲಯದಲ್ಲಲ್ಲ, ನಮ್ಮ ಪಡಸಾಲೆಯಲ್ಲಿ.

ಶ್ರೀಮಠದ ಸನ್ನಿಧಿಯಲ್ಲಿ ಒಂದು ವಿಜ್ಞಾಪನೆ

ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹದಿಂದ ನಮ್ಮ ಮಠಗಳು ಬಡಮಕ್ಕಳ ಬದುಕನ್ನು ಬೆಳಗಿವೆ. ನಮ್ಮ ಓರಗೆಯ ಎಷ್ಟೋ ಮಂದಿ ಮಠದ ಪ್ರಸಾದ ಉಂಡು ಓದಿದವರು. ಆ ಋಣದಿಂದಲೇ ಈ ಮಾತು ಹೇಳುತ್ತಿದ್ದೇವೆ. ಇತ್ತೀಚಿನ ವರ್ಷಗಳಲ್ಲಿ ನಾಡಿನ ಮಠಗಳ ಆಶ್ರಯದಲ್ಲಿದ್ದ ಮಕ್ಕಳ ದೂರುಗಳೂ ನ್ಯಾಯಾಲಯದ ಮೆಟ್ಟಿಲೇರಿವೆ. ನಿಜಾನಿಜ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ನಮಗೆ ಸೇರಿದ್ದು ಬೇರೆ: ಮಗು ದೂರಿದಾಗ ಭಕ್ತರಾದ ನಾವು ಮೊದಲು ಯಾರ ಪಕ್ಕದಲ್ಲಿ ನಿಲ್ಲುತ್ತೇವೆ ಎಂಬುದು. ಭಕ್ತಿಯು ಮಗುವಿನ ಬಾಯಿ ಕಟ್ಟುವ ಬಟ್ಟೆಯಾಗಬಾರದು. ಸೂಕ್ತ ವ್ಯವಸ್ಥೆಯಿದ್ದರೆ ಮಗುವಿಗೂ ರಕ್ಷಣೆ, ನಿರಪರಾಧಿಗೂ ರಕ್ಷಣೆ.

ರಾಜ್ಯ ಸರ್ಕಾರವು 2016ರಲ್ಲಿಯೇ ಮಕ್ಕಳ ರಕ್ಷಣಾ ನೀತಿಯನ್ನು ರೂಪಿಸಿ ಶಿಕ್ಷಣ ಸಂಸ್ಥೆಗಳಿಗೆ ವಿಧಿಸಿದೆ. ಅದಕ್ಕನುಗುಣವಾಗಿ ಮಠಗಳ ಪ್ರತಿ ಶಾಲೆ, ಪ್ರತಿ ವಸತಿ ನಿಲಯದಲ್ಲೂ ಬರಹದ ನಿಯಮಗಳಿರಲಿ. ಕೆಲಸಕ್ಕೆ ಬರುವ ಪ್ರತಿಯೊಬ್ಬರ ಹಿನ್ನೆಲೆಯ ಪರಿಶೀಲನೆ ನಡೆಯಲಿ. ಯಾವ ಹಿರಿಯರೂ, ಅವರು ಎಷ್ಟೇ ಪೂಜ್ಯರಾಗಿರಲಿ, ಮುಚ್ಚಿದ ಬಾಗಿಲ ಹಿಂದೆ ಮಗುವಿನೊಡನೆ ಒಂಟಿಯಾಗಿರದಿರಲಿ. ದೂರಿನ ಪೆಟ್ಟಿಗೆಯ ಕೀಲಿ ಹೊರಗಿನ ಒಬ್ಬ ಮಹಿಳೆಯ ಕೈಯಲ್ಲಿರಲಿ. ಮಕ್ಕಳ ಸಹಾಯವಾಣಿ 1098 ಊಟದ ಸಾಲಿನ ಎದುರಿನ ಗೋಡೆಯ ಮೇಲೆ ಮಕ್ಕಳ ಕಣ್ಣಿನೆತ್ತರಕ್ಕೆ ಬರೆದಿರಲಿ. ಶ್ರಾವಣದ ಪ್ರವಚನದಲ್ಲಿ, ಜಾತ್ರೆಯ ತಾಯಂದಿರ ಗೋಷ್ಠಿಯಲ್ಲಿ ಒಂದು ದಿನ ಈ ವಿಷಯಕ್ಕೆ ಮೀಸಲಾಗಲಿ. ವೈದ್ಯನು ಹೇಳಿದರೆ ಹತ್ತು ಜನ ಕೇಳುತ್ತಾರೆ. ಶ್ರೀಗಳು ಹೇಳಿದರೆ ಹತ್ತು ಹಳ್ಳಿ ಕೇಳುತ್ತವೆ.

ಕೂಸು ಹುಟ್ಟಿದಾಗಲೇ ಲಿಂಗಧಾರಣೆ ಮಾಡುವ ಪರಂಪರೆ ನಮ್ಮದು. ಮೈಮೇಲೆ ಲಿಂಗ ಬಂದ ಗಳಿಗೆಯಿಂದ ಆ ಎಳೆಯ ದೇಹ ಒಂದು ಪವಿತ್ರ ಸ್ಥಾನ. ಜಾತಿ, ಮತ, ತಾಂಡಾ, ಊರು ಎಂಬ ಭೇದವಿಲ್ಲದೆ ಎಲ್ಲ ಮಕ್ಕಳ ದೇಹವನ್ನೂ ಹಾಗೆಯೇ ಕಾಣುವುದು ಶರಣರ ದಾರಿ.

ಈಗ ನಮ್ಮ ಚಿಕಿತ್ಸಾಲಯದಲ್ಲಿ ಹೊಟ್ಟೆನೋವೆಂದು ಬರುವ ಪ್ರತಿ ಮಗುವಿನೊಡನೆಯೂ ಒಂದೆರಡು ಮಾತಾಡುತ್ತೇವೆ. ಬಹಳ ಮಕ್ಕಳಿಗೆ ಇರುವುದು ಬರೀ ಹೊಟ್ಟೆನೋವೇ. ಕೇಳಿದ್ದರಿಂದ ಅವರಿಗೇನೂ ಕುಂದಿಲ್ಲ. ಅಂದು ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಈಕೆಯನ್ನು ಹೇಗೆ ಕಾಯಲಿ ಎಂದು ಕೇಳಿದ ತಾಯಿಗೆ ಇಂದು ನಾವು ಹೇಳುವುದಿಷ್ಟು: ಮಗಳು ಏನು ಹೇಳಿದರೂ ನಂಬು, ಬೈಯಬೇಡ; ಬಂಧುವೆಂದೋ ಹಿರಿಯನೆಂದೋ ಯಾರ ಮಡಿಲಿಗೂ ಅವಳನ್ನು ಬಲವಂತವಾಗಿ ನೂಕಬೇಡ; ಅನುಮಾನ ಬಂದರೆ 1098ಕ್ಕೋ 112ಕ್ಕೋ ಕರೆ ಮಾಡು; ಮನಸ್ಸಿನ ಭಾರಕ್ಕೆ, ನಿನ್ನದಕ್ಕೂ ಕೂಡ, ಟೆಲಿಮಾನಸ್ 14416 ಇದೆ. ಉಳಿದದ್ದು ನಿನ್ನೊಬ್ಬಳ ಹೊಣೆಯಲ್ಲ, ನಮ್ಮೆಲ್ಲರದು.